ಆಟಿ ತಿಂಗಳಲ್ಲಿ ಗಂಡಸರನ್ನು ಲ್ಯಾಬಿಗೆ ಕರೆತರುವುದು

ನಾನು ಉಡುಪಿಯ ಒಂದು ಸಣ್ಣ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಮಾಡುತ್ತೇನೆ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಹೊರಗಿನ ಬೆಂಚಿನಲ್ಲಿ ಕುಳಿತವರನ್ನು ನೋಡಿದರೆ ಒಂದು ವಿಷಯ ಬೇಗ ಗೊತ್ತಾಗುತ್ತದೆ. ಹೆಂಗಸರು ಒಬ್ಬರೇ ಬರುತ್ತಾರೆ. ಗಂಡಸರನ್ನು ಯಾರಾದರೂ ಕರೆದುಕೊಂಡು ಬಂದಿರುತ್ತಾರೆ. ಹೆಂಡತಿ, ಮಗಳು, ಸೊಸೆ, ಕೆಲವೊಮ್ಮೆ ಅಕ್ಕ. ಡಾಕ್ಟರ ಚೀಟಿ ಅವಳ ಬ್ಯಾಗಿನಲ್ಲಿ, ಹಳೆಯ ರಿಪೋರ್ಟು ಅವಳ ಕೈಯಲ್ಲಿ, ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ ಅಂತ ಕೇಳಿದರೆ ಉತ್ತರ ಕೊಡುವವಳೂ ಅವಳೇ. ಅವರು ಕೈ ಚಾಚಿ ಕುಳಿತು, "ನನಗೆ ಎಂತದೂ ಇಲ್ಲ ಮಾರಾಯ್ರೇ, ಇವಳ ಒತ್ತಾಯಕ್ಕೆ ಬಂದದ್ದು" ಅನ್ನುತ್ತಾರೆ.

ಬಾರದೇ ಇರುವವರು ಇನ್ನೂ ಜಾಸ್ತಿ. ಅವರ ಮನೆಯವರು ಬಂದು, "ಹೇಳಿ ಹೇಳಿ ಸಾಕಾಯ್ತು, ಏನು ಮಾಡುದು ಹೇಳಿ" ಅಂತ ನನ್ನ ಹತ್ತಿರ ಕೇಳುತ್ತಾರೆ. ಎಷ್ಟೋ ವರ್ಷ ಇದನ್ನು ಕೇಳಿಸಿಕೊಂಡು, ನಮ್ಮ ಮನೆಯಲ್ಲೂ ಕಂಡು, ನನಗೆ ಒಂದು ಮಾತು ಖಂಡಿತ ಅನಿಸಿದೆ. ಹೇಳುವುದರಿಂದ ಗಂಡಸರು ಬರುವುದಿಲ್ಲ. ಅವರ ದುಡಿಮೆಯಲ್ಲಿ ಬಿಡುವು ಎಲ್ಲಿ ಸಿಗುತ್ತದೆ ಅಂತ ಹುಡುಕಿ, ಆ ಬಿಡುವಿನಲ್ಲಿ ದಿನ ಗೊತ್ತು ಮಾಡಿ, ನಾವೂ ಜೊತೆಗೆ ಚಪ್ಪಲಿ ಹಾಕಿ ಹೊರಟರೆ ಬರುತ್ತಾರೆ.

ಇದು ಸುಮ್ನೆ ಆತಂಕ ಅಲ್ಲ. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15 ವರ್ಷ ದಾಟಿದ ಗಂಡಸರಲ್ಲಿ ಶೇಕಡ 24ರಷ್ಟು ಮಂದಿಗೆ ಬಿಪಿ ಜಾಸ್ತಿ ಇತ್ತು ಅಥವಾ ಅವರು ಅದಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಹೆಂಗಸರಲ್ಲಿ ಅದು ಶೇಕಡ 21. ತಂಬಾಕಿನ ಚಟ ಇದ್ದ ಗಂಡಸರು ಶೇಕಡ 38. ಭಾರತದಲ್ಲಿ ಗಂಡಸಿನ ಸರಾಸರಿ ಆಯುಸ್ಸು ಹೆಂಗಸಿಗಿಂತ ಸುಮಾರು ಮೂರು ವರ್ಷ ಕಡಿಮೆ. ಈ ಮೂರು ವರ್ಷ ಅಂದರೆ ಮಗಳ ಮದುವೆ, ಮೊಮ್ಮಗುವಿನ ಮೊದಲ ಹೆಜ್ಜೆ ಅಂತ ನಾನು ಲೆಕ್ಕ ಹಾಕುತ್ತೇನೆ.

ಗಂಡಸರಿಗೆ ಹಟ, ಅಹಂಕಾರ ಅಂತ ನಾವು ಬೇಗ ಹೇಳಿಬಿಡುತ್ತೇವೆ. ನನಗೆ ಹಾಗೆ ಕಾಣುವುದಿಲ್ಲ. ನಮ್ಮ ಊರಿನ ಗಂಡಸರು ಮಾಡುವ ಕೆಲಸ ನೋಡಿ. ನನ್ನ ಭಾವ, ಅಕ್ಕನ ಗಂಡ, ಮಲ್ಪೆಯಲ್ಲಿ ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವವರು. ಆಳ ಸಮುದ್ರಕ್ಕೆ ಹೋದರೆ ವಾರ, ಹತ್ತು ದಿನ ಕಡಲಲ್ಲೇ. ದಡಕ್ಕೆ ಬಂದ ದಿನ ಮೀನು ಇಳಿಸಬೇಕು, ಡೀಸೆಲ್, ಐಸು, ರೇಷನ್ನು ತುಂಬಿಸಬೇಕು, ಮತ್ತೆ ಹೊರಡಬೇಕು. ಖಾಲಿ ಹೊಟ್ಟೆಯಲ್ಲಿ ಏಳು ಗಂಟೆಗೆ ಲ್ಯಾಬಿಗೆ ಬನ್ನಿ ಅಂದರೆ ಯಾವ ದಿನ ಬರುವುದು? ಮಂಗಳೂರು–ಕುಂದಾಪುರ ಸರ್ವಿಸ್ ಬಸ್ಸಿನ ಡ್ರೈವರ್ ಒಬ್ಬರು ಪರಿಚಯ ಇದ್ದಾರೆ. ದಾರಿಯಲ್ಲಿ ಮೂತ್ರಕ್ಕೆ ನಿಲ್ಲಿಸಲು ಆಗುವುದಿಲ್ಲ ಅಂತ ನೀರೇ ಕಡಿಮೆ ಕುಡಿಯುತ್ತಿದ್ದರು. ನಮ್ಮ ಸೆಕೆಗೆ, ಇಂಜಿನ್ನಿನ ಬಿಸಿಗೆ ಬೆವರಿ ಬೆವರಿ ಕೊನೆಗೆ ಕಿಡ್ನಿಯಲ್ಲಿ ಕಲ್ಲು. ನಮ್ಮ ಅಣ್ಣ ದುಬೈಯಲ್ಲಿ. ವರ್ಷಕ್ಕೊಮ್ಮೆ ರಜೆಯಲ್ಲಿ ಬಂದರೆ ಮದುವೆ, ಗೃಹಪ್ರವೇಶ, ಮನೆ ದೈವದ ನೇಮ ಅಂತ ರಜೆ ಮುಗಿದೇ ಹೋಗುತ್ತದೆ. ಯಕ್ಷಗಾನ ಮೇಳದ ಕಲಾವಿದರನ್ನು ಕೇಳಿ. ನವೆಂಬರಿನಿಂದ ಮೇ ಕೊನೆಯ ವಾರದ ಪತ್ತನಾಜೆಯವರೆಗೆ ಊರೂರು ತಿರುಗಾಟ, ರಾತ್ರಿ ವೇಷ, ಹಗಲು ನಿದ್ದೆ.

ಕೆಲಸದ ಹಿಂದೆ ಇನ್ನೊಂದು ವಿಷಯ ಉಂಟು. ಹೆದರಿಕೆ. ಭಾವ ಒಮ್ಮೆ ಅಕ್ಕನ ಹತ್ತಿರ, "ಟೆಸ್ಟು ಮಾಡಿಸಿ ಏನಾದ್ರೂ ಉಂಟು ಅಂತ ಬಂದ್ರೆ? ಕಡಲಿಗೆ ಹೋಗ್ಬೇಡಿ ಅಂದ್ರೆ ಸೊಸೈಟಿ ಸಾಲ ಯಾರು ಕಟ್ಟುದು?" ಅಂದರಂತೆ. ಈ ಮಾತು ಕೇಳಿದ ಮೇಲೆ ನನಗೆ ಅವರ ಮೇಲೆ ಕೋಪ ಬರಲಿಲ್ಲ. ಇಡೀ ಮನೆಯನ್ನು ತನ್ನ ಮೈ ಮೇಲೆ ಹೊತ್ತವನು ಆ ಮೈಗೆ ಏನಾಗಿದೆ ಅಂತ ತಿಳಿಯಲು ಹೆದರುತ್ತಾನೆ. ಅವನಿಗೆ ಸ್ಟ್ರೋಕಿನ ಫೋಟೋ ತೋರಿಸಿ ಇನ್ನೂ ಹೆದರಿಸಿದರೆ ಏನು ಪ್ರಯೋಜನ? ಅವನಿಗೆ ಕೇಳಬೇಕಾಗಿರುವುದು ಬೇರೆ. ಬಿಪಿ, ಸಕ್ಕರೆ ಇದೆ ಅಂತ ಗೊತ್ತಾದ ಹೆಚ್ಚಿನವರು ಮರುದಿನವೂ ಅದೇ ಕೆಲಸಕ್ಕೆ ಹೋಗುತ್ತಾರೆ. ಕೆಲಸ ತಪ್ಪುವುದು ಗೊತ್ತಿಲ್ಲದೆ ವರ್ಷಗಟ್ಟಲೆ ಬಿಟ್ಟವರಿಗೆ. ಅಕ್ಕ ಭಾವನಿಗೆ ಹೇಳಿದ್ದು ಇಷ್ಟನ್ನೇ.

ಹಾಗಾದರೆ ಬಿಡುವು ಯಾವಾಗ? ನಮ್ಮ ಕರಾವಳಿಗೆ ಮಳೆಗಾಲವೇ ಬಿಡುವು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳೆಲ್ಲ ಬಂದರಿನಲ್ಲಿ ಲಂಗರು ಹಾಕಿರುತ್ತವೆ. ಪತ್ತನಾಜೆಗೆ ಮೇಳದವರು ಗೆಜ್ಜೆ ಬಿಚ್ಚುತ್ತಾರೆ. ಆಮೇಲೆ ಬರುವುದು ಆಟಿ, ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತುಳು ತಿಂಗಳು. ಮದುವೆ ಇಲ್ಲ, ಶುಭ ಕಾರ್ಯ ಇಲ್ಲ, ಗಂಡಸರು ಮನೆಯಲ್ಲೇ ಇರುತ್ತಾರೆ.

ಆಟಿ ಅಮಾವಾಸ್ಯೆಯ ದಿನ ನಮ್ಮಲ್ಲಿ ಪಾಲೆ ಮರದ ಕಷಾಯ ಕುಡಿಯುವುದು ನಿಮಗೆ ಗೊತ್ತಲ್ವಾ. ಬೆಳಕು ಹರಿಯುವ ಮೊದಲು ಯಾರಾದರೂ ಹೋಗಿ ಕಲ್ಲಿನಿಂದ ಜಜ್ಜಿ ತೊಗಟೆ ತರುತ್ತಾರೆ. ಕರಿಮೆಣಸು, ಬೆಳ್ಳುಳ್ಳಿ, ಓಮ ಹಾಕಿ ಅರೆದು, ರಸಕ್ಕೆ ಬಿಸಿ ಮಾಡಿದ ಬಿಳಿ ಕಲ್ಲು ಹಾಕುತ್ತಾರೆ. ಬಾಯಿಗೆ ಇಟ್ಟರೆ ಕಿವಿಯವರೆಗೆ ಕಹಿ. ಆದರೆ ಡಾಕ್ಟರು ಅಂದರೆ ಮುಖ ತಿರುಗಿಸುವ ಗಂಡಸು ಆ ದಿನ ಖಾಲಿ ಹೊಟ್ಟೆಯಲ್ಲಿ ಒಂದು ಮಾತೂ ಇಲ್ಲದೆ ಅದನ್ನು ಕುಡಿಯುತ್ತಾನೆ. ಆಮೇಲೆ ಎಲ್ಲರ ಜೊತೆ ಕುಳಿತು ಮೆಂತೆ ಗಂಜಿ ಉಣ್ಣುತ್ತಾನೆ. ಯಾಕೆ ಕುಡಿಯುತ್ತಾನೆ? ಮನೆಮಂದಿ ಎಲ್ಲ ಕುಡಿಯುತ್ತಾರೆ, ಅಪ್ಪ ಕುಡಿಯುತ್ತಿದ್ದರು, ಅಜ್ಜ ಕುಡಿಯುತ್ತಿದ್ದರು. ಅಲ್ಲಿ ಯಾರೂ ಅವನನ್ನು ಬೇರೆ ಕೂರಿಸಿ ನಿನಗೆ ರೋಗ ಉಂಟು ಅನ್ನುವುದಿಲ್ಲ. (ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮರದ ಪರಿಚಯ ಇರುವವರೇ ತೊಗಟೆ ತರಬೇಕು. ಪಾಲೆ ಅಂತ ಕಾಸರಕದ ತೊಗಟೆ ತಂದು ಪ್ರಾಣಕ್ಕೆ ಕುತ್ತು ತಂದುಕೊಂಡವರಿದ್ದಾರೆ, ಅದು ವಿಷದ ಮರ.)

ನಮ್ಮ ಮನೆಯಲ್ಲಿ ಈಗ ಅದರ ಪಕ್ಕದಲ್ಲೇ ಇನ್ನೊಂದು ಕ್ರಮ ಮಾಡಿಕೊಂಡಿದ್ದೇವೆ. ಆಟಿಯಲ್ಲಿ ಒಂದು ದಿನ ಇಡೀ ಮನೆ ಲ್ಯಾಬಿಗೆ. ಅಮಾವಾಸ್ಯೆ ಆಗಸ್ಟಿಗೆ ಹೋದ ವರ್ಷ ಕಾಯುವುದಿಲ್ಲ, ನಿಷೇಧ ಮುಗಿಯುವ ಮೊದಲೇ, ಜುಲೈ ಕೊನೆಯ ವಾರ. ಅಪ್ಪ, ಭಾವ, ನಮ್ಮವರು, ಅಕ್ಕ, ನಾನು, ಎಲ್ಲರೂ. ನಾವು ಹೆಂಗಸರೂ ಕೈ ಚಾಚುತ್ತೇವೆ, ಇದು ಮುಖ್ಯ. "ನಿಮಗೆ ಟೆಸ್ಟು ಮಾಡಿಸಬೇಕು" ಅನ್ನುವುದಕ್ಕೂ "ನಾವೆಲ್ಲ ಗುರುವಾರ ಹೋಗುವ" ಅನ್ನುವುದಕ್ಕೂ ತುಂಬಾ ವ್ಯತ್ಯಾಸ ಇದೆ. ರಕ್ತ ಕೊಟ್ಟು ಹತ್ತಿರದ ಹೋಟೆಲಿನಲ್ಲಿ ತಿಂಡಿ. ಆ ದಿನ ಅಪ್ಪ ಬನ್ಸ್ ತಿಂದರೆ ನಾನು ಏನೂ ಹೇಳುವುದಿಲ್ಲ.

ಏನು ನೋಡಿಸಬೇಕು ಅಂತ ಜನ ಕೇಳುತ್ತಾರೆ. ದೊಡ್ಡ ಪ್ಯಾಕೇಜು ಬೇಡ, ಅದರಲ್ಲಿ ಅರ್ಧ ಯಾರಿಗೂ ಅಗತ್ಯ ಇರುವುದಿಲ್ಲ. 30 ದಾಟಿದವರಿಗೆ ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್, ತೂಕ, ಸೊಂಟದ ಸುತ್ತಳತೆ. ತಂಬಾಕು, ಗುಟ್ಕಾ, ಎಲೆಯಡಿಕೆ ಹಾಕುವವರಿಗೆ ಬಾಯಿಯ ಪರೀಕ್ಷೆ. ಬಿಪಿ, ಸಕ್ಕರೆ ಈಗಾಗಲೇ ಇರುವವರಿಗೆ ಕಿಡ್ನಿಗಾಗಿ ಕ್ರಿಯಾಟಿನಿನ್, ಜೊತೆಗೆ ಕಣ್ಣು, ಪಾದ. ಖಾಲಿ ಹೊಟ್ಟೆಯ ಸಕ್ಕರೆ 100ರ ಒಳಗಿದ್ದರೆ ಸರಿ. 126 ಮತ್ತು ಮೇಲೆ ಬಂದು, ಮತ್ತೆ ನೋಡಿದಾಗಲೂ ಹಾಗೇ ಇದ್ದರೆ ಸಕ್ಕರೆ ಕಾಯಿಲೆ. ನಡುವೆ ಇದ್ದವರು ಅಂಚಿನಲ್ಲಿದ್ದಾರೆ, ಅವರಿಗೇ ಹೆಚ್ಚು ಲಾಭ, ಯಾಕೆಂದರೆ ಊಟ, ನಡಿಗೆಯಲ್ಲೇ ಹಿಂದೆ ಬರಬಹುದು. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 6.5 ಮುಟ್ಟಿದರೂ ಸಕ್ಕರೆ ಕಾಯಿಲೆಯೇ. ಬಿಪಿ ಆಸ್ಪತ್ರೆಯಲ್ಲಿ ಮತ್ತೆ ಮತ್ತೆ 140/90 ಅಥವಾ ಮೇಲೆ ಬಂದರೆ ಸುಮ್ಮನೆ ಕೂರಬಾರದು. ಗಂಡಸರ ಸೊಂಟದ ಸುತ್ತಳತೆ 90 ಸೆಂಟಿಮೀಟರಿನ ಒಳಗಿರಬೇಕು. ನಮ್ಮ ಕಡೆ ಇದು ಗೊತ್ತಾಗುವುದೇ ತಡ. ಮನೆಯಲ್ಲಿ ಪಂಚೆ, ಲುಂಗಿ. ಪ್ಯಾಂಟು ಆದರೆ ಬಿಗಿಯಾಗುತ್ತದೆ, ಲುಂಗಿ ಎಷ್ಟು ಹೊಟ್ಟೆಗೂ ಸುತ್ತಿಕೊಳ್ಳುತ್ತದೆ. ಟೇಪು ಹಿಡಿದೇ ನೋಡಬೇಕು.

ದುಡ್ಡಿನ ವಿಷಯಕ್ಕೆ ನಿಲ್ಲಿಸುವುದು ಬೇಡ. ಬಿಪಿ, ಸಕ್ಕರೆ ತಪಾಸಣೆ ಪ್ರಾಥಮಿಕ ಆರೋಗ್ಯ ಕೇಂದ್ರ, ಸರ್ಕಾರದ "ನಮ್ಮ ಕ್ಲಿನಿಕ್"ಗಳಲ್ಲಿ ಉಚಿತ, ಮಂಗಳೂರಿನವರಿಗೆ ವೆನ್ಲಾಕ್ ಸರ್ಕಾರಿ ಆಸ್ಪತ್ರೆ ಇದ್ದೇ ಇದೆ. 2024ರ ಅಕ್ಟೋಬರಿನಲ್ಲಿ ಸರ್ಕಾರ ಗೃಹ ಆರೋಗ್ಯ ಯೋಜನೆ ಶುರು ಮಾಡಿದೆ, ಮನೆಬಾಗಿಲಿಗೆ ಬಂದು ನೋಡುತ್ತಾರೆ. ಆದರೆ ಮನೆಗೆ ಬರುವುದು ಹಗಲು ಹೊತ್ತು, ಆಗ ಸಿಗುವುದು ಹೆಂಗಸರು ಮತ್ತು ಅಜ್ಜಂದಿರು. ಅವರು ಬರುವ ದಿನ ಮೊದಲೇ ಕೇಳಿ ತಿಳಿದು, ಗಂಡಸರನ್ನು ಒಂದು ಗಂಟೆ ನಿಲ್ಲಿಸಿಕೊಂಡರೆ ಒಳ್ಳೆಯದು.

ಅಪ್ಪನಿಗಾಗಿ ಮನೆಗೆ ಬಿಪಿ ಮಿಷನ್ನು ತಂದಿದ್ದೇವೆ. ತೋಳಿಗೆ ಕಟ್ಟುವಂಥದ್ದು, ಮಣಿಕಟ್ಟಿನದು ಬೇಡ. ತೋಟದಿಂದ ಬಂದ ಕೂಡಲೇ, ಚಾ ಕುಡಿದ ಕೂಡಲೇ ನೋಡಿದರೆ ಲೆಕ್ಕ ತಪ್ಪುತ್ತದೆ. ಐದು ನಿಮಿಷ ಸುಮ್ಮನೆ ಕುಳಿತು, ಬೆನ್ನು ಆನಿಸಿ, ಕಾಲು ನೆಲಕ್ಕೆ ಊರಿ, ಕೈಯನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು, ಮಾತಾಡದೆ ಎರಡು ಸಲ ನೋಡಬೇಕು. ಮಿಷನ್ನು ಬಂದ ಮೇಲೆ ಆದ ಒಂದು ಬದಲಾವಣೆ ನನಗೆ ಬಹಳ ಖುಷಿ ಕೊಟ್ಟಿದೆ. ಅಪ್ಪನೇ ಕ್ಯಾಲೆಂಡರಿನಲ್ಲಿ ತಾರೀಕಿನ ಕೆಳಗೆ ಬರೆಯುತ್ತಾರೆ. ಮೊದಲು ಬಿಪಿ ನನ್ನ ವಿಷಯ ಆಗಿತ್ತು, ಈಗ ಅವರ ವಿಷಯ.

ಆದರೆ ಮಿಷನ್ನು ನಾರ್ಮಲ್ ತೋರಿಸಿತು ಅಂತ ಮಾತ್ರೆ ಬಿಡುವ ರೋಗ ನಮ್ಮ ಗಂಡಸರಿಗೆ ಬಹಳ. ಲ್ಯಾಬಿನಲ್ಲಿ ವಾರಕ್ಕೊಬ್ಬರಾದರೂ ಹೇಳುತ್ತಾರೆ, "ಬಿಪಿ ಸರಿ ಆಯ್ತು, ಹಾಗೆ ಬಿಟ್ಟೆ." ಸರಿ ಇರುವುದು ಮಾತ್ರೆಯಿಂದಲೇ ಅಂತ ಪ್ರೀತಿಯಿಂದ ಬಿಡಿಸಿ ಹೇಳಬೇಕು, ಬೇಸರ ಇಲ್ಲದೆ, ಎಷ್ಟು ಸಲ ಆದರೂ. ಬದಲಾಯಿಸುವುದಾದರೆ ಡಾಕ್ಟರು ಬದಲಾಯಿಸಲಿ.

ಊಟದ ಬಗ್ಗೆ ಸ್ವಲ್ಪ. ಗಂಡಸರ ಆರೋಗ್ಯದಲ್ಲಿ ಅಡಿಗೆ ಮನೆಯ ಪಾಲು ದೊಡ್ಡದು, ಮತ್ತು ಅಲ್ಲಿ ಸೌಟು ಹೆಚ್ಚಾಗಿ ನಮ್ಮ ಕೈಯಲ್ಲೇ ಇರುತ್ತದೆ. ದಿನಕ್ಕೆ ಐದು ಗ್ರಾಮಿಗಿಂತ ಕಡಿಮೆ ಉಪ್ಪು ಸಾಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಹೆಚ್ಚುಕಡಿಮೆ ಒಂದು ಟೀ ಚಮಚ. ಮಳೆಗಾಲದ ನಮ್ಮ ಬಟ್ಟಲು ನೋಡಿ. ಕುಚ್ಚಲಕ್ಕಿ ಗಂಜಿಗೆ ಉಪ್ಪು, ಜೊತೆಗೆ ಒಣಮೀನು ಚಟ್ನಿ, ಮಿಡಿ ಉಪ್ಪಿನಕಾಯಿ, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆಯ ಪಲ್ಯ, ಹಪ್ಪಳ. ಇವನ್ನೆಲ್ಲ ಬಿಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ, ನಾನೂ ಬಿಡುವುದಿಲ್ಲ. ಒಂದು ಊಟಕ್ಕೆ ಇವುಗಳಲ್ಲಿ ಒಂದೇ ಇರಲಿ, ಗಂಜಿಗೆ ಬೇರೆ ಉಪ್ಪು ಬೇಡ. ಅಕ್ಕ ಒಣಮೀನನ್ನು ಎರಡು ನೀರಿನಲ್ಲಿ ನೆನೆಸಿ ತೊಳೆದು ಹುರಿಯುತ್ತಾಳೆ. ಗಂಡನಿಗೊಂದು ಮಕ್ಕಳಿಗೊಂದು ಅಂತ ಬೇರೆ ಅಡಿಗೆ ಮಾಡಬೇಡಿ. ರೋಗಿಯ ಊಟ ಅಂತ ಮುಂದಿಟ್ಟರೆ ಅವರು ಹೊರಗೆ ಹೋಗಿ ಗೋಳಿಬಜೆ ತಿನ್ನುತ್ತಾರೆ.

ಇನ್ನು ಎದೆನೋವು. ಇದರಲ್ಲಿ ಮಾತ್ರ ನಾನು ತಾಳ್ಮೆ ಇಟ್ಟುಕೊಳ್ಳುವವಳಲ್ಲ. ನಮ್ಮ ಕಡೆ ಎದೆಯಲ್ಲಿ ಏನಾದರೂ ಗ್ಯಾಸ್ಟ್ರಿಕ್ಕೇ. ಓಮದ ನೀರು, ಸೋಡಾ, ಒಂದು ಮಾತ್ರೆ, ಮಲಗಿದರೆ ಸರಿಯಾಗ್ತದೆ. ಎದೆಯ ಮೇಲೆ ಭಾರ ಇಟ್ಟ ಹಾಗೆ ಒತ್ತುವುದು, ತಣ್ಣನೆ ಬೆವರು, ನೋವು ಎಡಗೈಗೆ, ದವಡೆಗೆ, ಬೆನ್ನಿಗೆ ಹರಿಯುವುದು, ಉಬ್ಬಸ, ವಾಂತಿ ಬಂದ ಹಾಗೆ ಆಗುವುದು, ಇವುಗಳಲ್ಲಿ ಯಾವುದು ಕಂಡರೂ ಇಸಿಜಿ ಆಗಬೇಕು, ಅದೂ ಆಗಲೇ. 108ಕ್ಕೆ ಫೋನು ಮಾಡಿ. ಅವರು ಸ್ವತಃ ಬೈಕಿನಲ್ಲಿ ಹೊರಡುತ್ತೇನೆ ಅಂದರೆ ಬಿಡಬೇಡಿ. ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿದ ಮೇಲೆ ಹೃದಯದ ಸ್ನಾಯು ನಿಮಿಷ ನಿಮಿಷಕ್ಕೂ ಸಾಯುತ್ತಾ ಹೋಗುತ್ತದೆ. ಮೊದಲ ಗಂಟೆಗಳಲ್ಲಿ ಸಿಕ್ಕ ಚಿಕಿತ್ಸೆ ಉಳಿಸುವಷ್ಟು ಆಮೇಲೆ ಸಿಕ್ಕಿದ್ದು ಉಳಿಸುವುದಿಲ್ಲ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ಹೋದಾಗ ನಮ್ಮ ಲ್ಯಾಬಿನ ಮುಂದೆಯೂ ಗಂಡಸರು ಸಾಲು ನಿಂತಿದ್ದರು. ಕೆಲವು ವಾರ, ಅಷ್ಟೇ. 2022ರ ಡಿಸೆಂಬರಿನಲ್ಲಿ ಕಟೀಲು ಮೇಳದ ಹಿರಿಯ ಕಲಾವಿದರೊಬ್ಬರು ವೇಷದಲ್ಲಿ ಇರುವಾಗಲೇ ರಂಗದಲ್ಲಿ ಕುಸಿದು ತೀರಿಕೊಂಡರು. ಆಗಲೂ ಒಂದಷ್ಟು ದಿನ ಎಲ್ಲರ ಬಾಯಲ್ಲೂ ಅದೇ ಮಾತು. ಹೆದರಿಕೆಯಿಂದ ಬಂದವರು ಹೆದರಿಕೆ ಇಳಿದ ಮೇಲೆ ಬರುವುದಿಲ್ಲ, ಅದಕ್ಕೇ ನನಗೆ ವರ್ಷ ವರ್ಷ ಬರುವ ಕ್ರಮದ ಮೇಲೆ ನಂಬಿಕೆ ಜಾಸ್ತಿ.

ನಮ್ಮ ಭಾಗಕ್ಕೆ ಒಂದು ಭಾಗ್ಯ ಇದೆ. ಮಂಗಳೂರು ಕೆಎಂಸಿಯ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತರು ಮನೆಬಾಗಿಲಿಗೆ ಹೃದಯ ಚಿಕಿತ್ಸೆ ಅನ್ನುವ ಯೋಚನೆಯಿಂದ, ದಾನಿಗಳ ನೆರವಿನಲ್ಲಿ, ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಮಿಷನ್ನು ಕೊಡಿಸಿದ್ದಾರೆ. ಅಲ್ಲಿ ತೆಗೆದ ಇಸಿಜಿ ವಾಟ್ಸಾಪ್ ಗುಂಪಿಗೆ ಬಂದು, ತಜ್ಞರು ನೋಡಿ, ಏನು ಮಾಡಬೇಕು ಅಂತ ಹೇಳುತ್ತಾರೆ. ಪುನೀತ್ ಹೆಸರಿನಲ್ಲಿ ಸರ್ಕಾರ ತಂದ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಯಲ್ಲೇ ಹೆಪ್ಪು ಕರಗಿಸುವ ಇಂಜೆಕ್ಷನ್ನು ಉಚಿತವಾಗಿ ಕೊಡುತ್ತಾರೆ. ನಿಮ್ಮ ಮನೆಗೆ ಹತ್ತಿರ ಇಸಿಜಿ ಎಲ್ಲಿದೆ, ರಾತ್ರಿ ಯಾರು ಇರುತ್ತಾರೆ, ಇದನ್ನು ಏನೂ ಆಗದ ದಿನವೇ ಹೋಗಿ ಕೇಳಿ ಬರೆದಿಟ್ಟುಕೊಳ್ಳಿ.

ಗಂಡಸರು ಹೆಂಡತಿಗೂ ಹೇಳದ ಕೆಲವು ವಿಷಯ ಇವೆ. ಅವುಗಳಲ್ಲಿ ಒಂದು ಹಾಸಿಗೆಯ ವಿಷಯ, ನಿಮಿರು ಸರಿಯಾಗಿ ಬಾರದೇ ಇರುವುದು. ನಾಚಿಕೆಯಿಂದ ಮುಚ್ಚಿಟ್ಟು ಮೆಡಿಕಲ್ಲಿನಲ್ಲಿ ಕದ್ದು ಮಾತ್ರೆ ತರುತ್ತಾರೆ. ಆ ಭಾಗದ ರಕ್ತನಾಳ ಹೃದಯದ ರಕ್ತನಾಳಕ್ಕಿಂತ ಸಣ್ಣದು, ಹಾಗಾಗಿ ಎಷ್ಟೋ ಸಲ ತೊಂದರೆ ಮೊದಲು ಅಲ್ಲಿ ಕಾಣುತ್ತದೆ, ಹೃದಯದಲ್ಲಿ ಆಮೇಲೆ. ಅದು ಮರ್ಯಾದೆಯ ಪ್ರಶ್ನೆ ಅಲ್ಲ, ಹೃದಯ ಮತ್ತು ಸಕ್ಕರೆ ನೋಡಿಸಿಕೊಳ್ಳಲು ಸಿಕ್ಕ ಎಚ್ಚರಿಕೆ. ಹೃದಯಕ್ಕೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು ಈ ಕದ್ದು ತಂದ ಮಾತ್ರೆ ನುಂಗಿದರೆ ಬಿಪಿ ಒಮ್ಮೆಲೇ ಬಿದ್ದು ಜೀವಕ್ಕೇ ಅಪಾಯ. ಇನ್ನೊಂದು ಮೂತ್ರದ ವಿಷಯ. ರಾತ್ರಿ ಮತ್ತೆ ಮತ್ತೆ ಏಳುವುದು, ಧಾರೆ ಸಣ್ಣ ಆಗುವುದು ವಯಸ್ಸಾದವರಲ್ಲಿ ಹೆಚ್ಚಾಗಿ ಮೂತ್ರಕೋಶದ ಕೆಳಗಿನ ಪ್ರಾಸ್ಟೇಟ್ ಗ್ರಂಥಿಯ ಊತ, ಅದಕ್ಕೆ ಮದ್ದಿದೆ. ರಕ್ತ ಕಂಡರೆ ಮಾತ್ರ ಒಂದು ದಿನವೂ ಕಾಯಬಾರದು. ಬಾಯಿಯಲ್ಲಿ ಎರಡು ವಾರ ದಾಟಿದರೂ ಮಾಸದ ಹುಣ್ಣು, ಬಿಳಿ ಕೆಂಪು ಮಚ್ಚೆ, ಬಾಯಿ ತೆರೆಯಲು ಕಷ್ಟ, ಇವೂ ಹಾಗೇ. ಜೋರು ಗೊರಕೆ ನಡುವೆ ಉಸಿರು ನಿಂತ ಹಾಗೆ ಆಗುತ್ತಿದ್ದರೆ ಅವರಿಗೆ ಗೊತ್ತಾಗುವುದಿಲ್ಲ, ಪಕ್ಕದಲ್ಲಿ ಮಲಗಿದವರೇ ಡಾಕ್ಟರಿಗೆ ಹೇಳಬೇಕು.

ಇಂಥ ಮಾತಿಗೆ ಎದುರೆದುರು ಕೂರಿಸಿದರೆ ಗಂಡಸು ಬಾಯಿ ಬಿಡುವುದಿಲ್ಲ. ನನ್ನ ಗಂಡ ಮಾತಾಡುವುದು ಕಾರು ಓಡಿಸುವಾಗ, ರಸ್ತೆ ನೋಡುತ್ತಾ. ಅಪ್ಪ ಅಡಿಕೆ ಸುಲಿಯುವಾಗ. ಕೈಗೆ ಕೆಲಸ, ಕಣ್ಣಿಗೆ ಬೇರೆ ಜಾಗ ಇದ್ದರೆ ಮಾತು ತಾನಾಗಿ ಬರುತ್ತದೆ. ಡಾಕ್ಟರ ಕೋಣೆಯಲ್ಲಿ ಸ್ವಲ್ಪ ಹೊತ್ತು ಅವರನ್ನು ಒಬ್ಬರೇ ಬಿಟ್ಟು ಹೊರಗೆ ಬನ್ನಿ. ನಿಮ್ಮ ಮುಂದೆ ಹೇಳಲಾಗದ್ದು ಅಲ್ಲಿ ಹೇಳಬಹುದು.

ಮನಸ್ಸಿನ ವಿಷಯ ಎಲ್ಲಕ್ಕಿಂತ ಕಷ್ಟ. 2022ರಲ್ಲಿ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆ ಮಾಡಿಕೊಂಡರು ಅನ್ನುತ್ತದೆ ಅಪರಾಧ ದಾಖಲೆಗಳ ಬ್ಯೂರೋ. ಹತ್ತರಲ್ಲಿ ಏಳು ಮಂದಿ ಗಂಡಸರು. ನನ್ನ ಸೋದರಮಾವ ಬೊಂಬಾಯಿಯ ಹೋಟೆಲಿನಲ್ಲಿ ಜೀವಮಾನ ದುಡಿದು, ಹೋಟೆಲು ಮುಚ್ಚಿದ ಮೇಲೆ ಊರಿಗೆ ಬಂದರು. ಅವರು ಅಳಲಿಲ್ಲ, ಬೇಸರ ಅಂತ ಹೇಳಲಿಲ್ಲ. ಸಣ್ಣ ವಿಷಯಕ್ಕೆ ರೇಗುತ್ತಿದ್ದರು, ಸಂಜೆಯಾದರೆ ಕುಡಿಯುತ್ತಿದ್ದರು. ಅತ್ತೆ ಕುಡಿತದ ಬಗ್ಗೆ ಜಗಳ ಮಾಡಿದಷ್ಟೂ ಅದು ಜಾಸ್ತಿಯಾಯಿತು. ಒಂದು ದಿನ ನಮ್ಮವರು ತೋಟದಲ್ಲಿ ಜೊತೆಗೆ ಕೆಲಸ ಮಾಡುತ್ತಾ, "ಮಾವ, ರಾತ್ರಿ ನಿದ್ದೆ ಬರ್ತದಾ ನಿಮಗೆ?" ಅಂತ ಕೇಳಿದರು. ಅಷ್ಟೇ ಕೇಳಿದ್ದು. ಮಾವ ಬಹಳ ಹೊತ್ತು ಮಾತಾಡಿದರಂತೆ. ಆಮೇಲೆ ನಿದ್ದೆಗೆ ಅಂತಲೇ ಡಾಕ್ಟರ ಹತ್ತಿರ ಹೋದದ್ದು, ಅಲ್ಲಿಂದ ಮನೋವೈದ್ಯರ ಹತ್ತಿರ. ಈಗ ಬೇರೆಯದೇ ಮನುಷ್ಯ.

ಗಂಡಸಿಗೆ ನಿದ್ದೆ, ಹಸಿವು, ತಲೆನೋವಿನ ಬಗ್ಗೆ ಹೇಳುವುದು ಸುಲಭ. ಅಲ್ಲಿಂದ ಶುರು ಮಾಡಿ. ಸಾಯುವ ಯೋಚನೆ ಬರುತ್ತಿದೆಯಾ ಅಂತ ಅನುಮಾನ ಇದ್ದರೆ ನೇರವಾಗಿ ಕೇಳಿ, ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. 14416 ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್‌ನ ನಂಬರು, ದಿನದ ಯಾವ ಹೊತ್ತಿಗೂ ಉಚಿತ, ಕನ್ನಡದಲ್ಲಿ ಮಾತಾಡಬಹುದು. ತಂಬಾಕು ಬಿಡಲು 1800-11-2356. ದಿನವೂ ಜಾಸ್ತಿ ಕುಡಿಯುವವರು ಮನೆಯಲ್ಲೇ ಒಮ್ಮೆಲೇ ಬಿಟ್ಟರೆ ಫಿಟ್ಸ್, ಭ್ರಮೆ ಬಂದು ಅಪಾಯ ಆಗಬಹುದು. ಡಾಕ್ಟರ ನೋಟದಲ್ಲೇ ಬಿಡಿಸಬೇಕು. ಉಡುಪಿಯ ದೊಡ್ಡಣಗುಡ್ಡೆಯ ಡಾ. ಎ.ವಿ. ಬಾಳಿಗಾ ಆಸ್ಪತ್ರೆ ಮದ್ಯ ಬಿಡಿಸುವ ಕೆಲಸಕ್ಕೆ ಹೆಸರಾಗಿದೆ.

ಇಷ್ಟೆಲ್ಲ ಮಾಡುವಾಗ ಎಲ್ಲಿ ನಿಲ್ಲಬೇಕು ಅನ್ನುವುದೂ ಗೊತ್ತಿರಬೇಕು. ಅವರ ಫೈಲು ಅವರ ಕೈಯಲ್ಲೇ ಇರಲಿ. ಡಾಕ್ಟರು ಕೇಳಿದಾಗ ಅವರೇ ಉತ್ತರ ಕೊಡಲಿ, ತಪ್ಪಾದರೆ ಮಾತ್ರ ನಾವು ಬಾಯಿ ಹಾಕುವ. ನೆಂಟರ ಮುಂದೆ "ಇವರಿಗೆ ಶುಗರು" ಅಂತ ಪಾಯಸದ ಲೋಟ ಕಿತ್ತುಕೊಳ್ಳಬೇಡಿ. ಅವಮಾನ ಆದವನು ಮುಂದಿನ ವರ್ಷ ನಮ್ಮ ಜೊತೆ ಹೊರಡುವುದಿಲ್ಲ.

ಭಾವನಿಗೆ ಮೊದಲ ವರ್ಷದ ತಪಾಸಣೆಯಲ್ಲೇ ಬಿಪಿ ಸಿಕ್ಕಿತು, ಕಡಲಿಗೆ ಹೋಗುವುದು ತಪ್ಪಲಿಲ್ಲ. ಹೊರಡುವ ಹಿಂದಿನ ದಿನ ಐಸು, ಡೀಸೆಲಿನ ಜೊತೆ ಮಾತ್ರೆಯೂ ಅವರದೇ ಪಟ್ಟಿಯಲ್ಲಿ ಇರುತ್ತದೆ, ದಡಕ್ಕೆ ಬರುವುದು ತಡವಾದರೆ ಅಂತ ನಾಲ್ಕು ದಿನದ್ದು ಹೆಚ್ಚಿಗೆ. ಕಳೆದ ಆಟಿಯಲ್ಲಿ ತಮ್ಮ ಬೋಟಿನ ಇಬ್ಬರನ್ನು ಅವರೇ ಕರೆದುಕೊಂಡು ಬಂದರು. ನಮ್ಮ ಅಣ್ಣ ಮಾತ್ರ ಇನ್ನೂ ಬಾಕಿ. ಡಿಸೆಂಬರಿನಲ್ಲಿ ರಜೆಗೆ ಬರುತ್ತಾನೆ, ಬಂದ ಮೂರನೇ ದಿನ ಬೆಳಿಗ್ಗೆ, ನೆಂಟರ ಮನೆಗಳ ತಿರುಗಾಟ ಶುರುವಾಗುವ ಮೊದಲು, ಅವನಿಗೂ ಅತ್ತಿಗೆಗೂ ಹೆಸರು ಬರೆಸಿ ಇಟ್ಟಿದ್ದೇನೆ. ಫೋನಿನಲ್ಲಿ ಹೇಳಿದಾಗ "ನೋಡುವ" ಅಂದಿದ್ದಾನೆ. ಅತ್ತಿಗೆ ಬರುತ್ತೇನೆ ಅಂದಿದ್ದಾರೆ.